ಕೂಗು ಮತ್ತು ಮೌನ

ಅಮೆರಿಕದ ಅರ್ಕನ್ಸಾಸ್ ರಾಜ್ಯದ ಕಾಡಿನಲ್ಲಿ ಏಪ್ರಿಲ್ ತಿಂಗಳ ಒಂದು ನಸುಕು. ಮರಕ್ಕೆ ಬೆನ್ನು ಕೊಟ್ಟು ಕುಳಿತ ಹುಡುಗನ ಕೈಯಲ್ಲಿ ಪುಟ್ಟ ಮರದ ಪೆಟ್ಟಿಗೆ. ಸೀಮೆಸುಣ್ಣ ಹಚ್ಚಿದ ಮುಚ್ಚಳವನ್ನು ಅದರ ಅಂಚಿಗೆ ಉಜ್ಜಿದರೆ ಹೆಣ್ಣು ಟರ್ಕಿ ಕೋಳಿಯ ಕೂಗೇ ಹೊರಡುತ್ತದೆ! ಇಂಥದ್ದೊಂದಕ್ಕೆ 1897ರಲ್ಲಿಯೇ ಪೇಟೆಂಟ್ ಪಡೆದ ಹೆನ್ರಿ ಗಿಬ್ಸನ್ ಇದೇ ರಾಜ್ಯದವನು.

ಪಕ್ಕದಲ್ಲಿದ್ದ ಅಪ್ಪ ಗೂಬೆಯಂತೆ ಕೂಗಿದ. ಕೊಂಬೆಯ ಮೇಲೆ ರಾತ್ರಿ ಕಳೆದಿದ್ದ ಗಂಡು ಟರ್ಕಿ ಬೆಚ್ಚಿ ಗೊಳಗುಟ್ಟಿತು. ಎಲ್ಲಿದೆಯೆಂದು ತಿಳಿಯಿತು. ಅದು ನೆಲಕ್ಕಿಳಿದ ಮೇಲೆ ಹುಡುಗ ಪೆಟ್ಟಿಗೆ ಉಜ್ಜಿದ. ಉತ್ತರ ಬಂತು. ಸಂಭ್ರಮದಲ್ಲಿ ಮತ್ತೆ ಉಜ್ಜಿದ, ಮತ್ತೂ ಉಜ್ಜಿದ. ಕೋಳಿ ಮಾತ್ರ ನಿಂತಲ್ಲೇ ನಿಂತಿತು.

ನಿಲ್ಲದೆ ಇನ್ನೇನು? ನಿಸರ್ಗದಲ್ಲಿ ಗಂಡು ಕೂಗುತ್ತದೆ, ಹೆಣ್ಣು ಹುಡುಕಿಕೊಂಡು ಹೋಗುತ್ತದೆ. ಬೇಟೆಗಾರ ಬಯಸುವುದು ಇದರ ತಿರುಗುಮುರುಗು. ಇಷ್ಟೊಂದು ಆತುರದ ಹೆಣ್ಣು ತಾನಾಗಿಯೇ ಬರುತ್ತದೆಂದು ಗಂಡು ಕಾಯುತ್ತದೆ. ಆಗ ಕರೆಯುವವನು ಸುಮ್ಮನಾಗಬೇಕು. ಹೆಣ್ಣು ದೂರವಾಯಿತೆಂದು ಅದೇ ಹುಡುಕಿ ಬರಬಹುದು. ಹುಡುಗನಿಗೆ ಕಷ್ಟವಾದದ್ದು ಈ ಸುಮ್ಮನಿರುವ ಪಾಠವೇ.

ಅಷ್ಟರಲ್ಲಿ ಎಡಗಡೆಯ ಪೊದೆಯಿಂದ ಹೆಣ್ಣಿನ ಕೂಗು! ಹುಡುಗ ಬಂದೂಕು ಹಿಡಿದು ಅತ್ತ ತೆವಳಹೊರಟ. ಅಪ್ಪ ತೋಳು ಹಿಡಿದು ಕೂರಿಸಿದ. ಕೂಗಿದ ಕಡೆಗೆ ನುಸುಳಬಾರದು, ಕಣ್ಣಿಗೆ ಪೂರ್ತಿ ಕಾಣದ್ದಕ್ಕೆ ಗುರಿಯಿಡಬಾರದು ಎಂಬುದು ಅಲ್ಲಿನ ಮೊದಲ ನಿಯಮ. ಗಂಡಿನ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣಗಳಿರುವುದರಿಂದ ಆ ಬಣ್ಣದ ಕರವಸ್ತ್ರವನ್ನೂ ಬೇಟೆಗೆ ಒಯ್ಯುವುದಿಲ್ಲ.

ಅರ್ಧ ಗಂಟೆ ಕಳೆಯಿತು. ಗಂಡು ಕೋಳಿಯ ಸದ್ದು ಬೆಟ್ಟದಾಚೆ ಹೋಯಿತು. ಪೊದೆ ಅಲುಗಿತು. ಸೊಂಟ ನೀವಿಕೊಳ್ಳುತ್ತ ಮುದುಕನೊಬ್ಬ ಎದ್ದುನಿಂತ. ಅವನ ಕೈಯಲ್ಲೂ ಅಂಥದೇ ಪೆಟ್ಟಿಗೆ.