ವೈಹಾಳಿಯ ಮಾಡು

ಮಾಡೆಂದರೆ ಮಳೆಗೆ ಹಿಡಿದ ಕೊಡೆ ಎಂಬುದೇ ಕೊಕ್ಕರ್ಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ತಿಳಿವಳಿಕೆಯಾಗಿತ್ತು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಈ ಸೀಮೆಯಲ್ಲಿ ಬೇರೆ ತಿಳಿವಳಿಕೆ ಬರುವುದಾದರೂ ಹೇಗೆ? ಬಯಲುಸೀಮೆಯಲ್ಲಿ ಅದಕ್ಕೆ ಬೇರೊಂದು ಅರ್ಥವುಂಟೆಂದು ನಮಗೆ ಕಲಿಸಿದವನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು.

ಆತನು ಈಗ ವಿಜಯಪುರದ ಕಡೆ ಕಬ್ಬಿಣದ ಕಟ್ಟಡಗಳನ್ನು ಕಟ್ಟಿಸುವ ಇಂಜಿನಿಯರು. ಅಲ್ಲಿಯ ಗೃಹಸ್ಥರೊಬ್ಬರು ಮಕ್ಕಳಿಗೆ ಕುದುರೆಸವಾರಿ ಕಲಿಸುವುದಕ್ಕಾಗಿ ತಗಡಿನ ಮಾಡುಳ್ಳ ಅಂಗಣವೊಂದನ್ನು ಕಟ್ಟಿಸಬೇಕೆಂದಿರುವರು. ಅದರ ನಕ್ಷೆಯನ್ನು ಹಿಡಿದು ಕಳೆದ ಚೈತ್ರದಲ್ಲಿ ನಮ್ಮ ಮನೆಗೆ ಬಂದು, “ಮಾಸ್ತರೇ, ಇದಕ್ಕೊಂದು ಒಳ್ಳೆಯ ಹೆಸರು ಬೇಕು” ಎಂದನು.

ಹೆಸರಿಗೇನು ಕೊರತೆ! ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯಾಟದ ಬಯಲಿಗೆ ‘ವಾಹ್ಯಾಲಿ’ ಎಂಬ ಹೆಸರುಂಟು. ಅದೇ ಕನ್ನಡದ ‘ವೈಹಾಳಿ’. ಕೌಟಿಲ್ಯನ ಅರ್ಥಶಾಸ್ತ್ರವಾದರೋ, ಲಾಯದ ಅಗಲವು ಕುದುರೆಯ ಉದ್ದದ ಎರಡರಷ್ಟಿರಬೇಕೆಂದೂ ಕುದುರೆ ಹೊರಳಾಡುವುದಕ್ಕೆ ನಡುವೆ ಜಾಗವಿರಬೇಕೆಂದೂ ವಿಧಿಸುವುದು. ಅಲ್ಲಿ ಪ್ರಾಣಿಯ ಮೈಯೇ ಅಳತೆಗೋಲು.

ಹೀಗೆ ಪಾಂಡಿತ್ಯವನ್ನು ಮೆರೆದು ನಕ್ಷೆಯನ್ನು ನೋಡಿದೆವು. 60 ಮೀಟರು ಉದ್ದ, 20 ಮೀಟರು ಅಗಲ. ನಡುವೆ ಒಂದು ಕಂಬವೂ ಇಲ್ಲ. ಸುತ್ತಲೂ ಗೋಡೆಯಿಲ್ಲ. ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಸಂದು! “ಗೋಡೆ ಕಟ್ಟಿಸು, ನೆತ್ತಿ ಮುಚ್ಚಿಸು, ಮಾಡನ್ನು ತಗ್ಗಿಸು, ಖರ್ಚೂ ಉಳಿಯುವುದು” ಎಂದು ಉಪದೇಶಿಸಿದೆವು.

ಆತನು ನಗಲಿಲ್ಲ, ತಾಳ್ಮೆಯಿಂದ ತಿಳಿಯಹೇಳಿದನು. ಬಿಸಿಲಿಗೆ ಕಾದ ತಗಡು ತಾನೇ ಒಲೆಯಾಗುವುದು; ಅದರ ಝಳ ಕೆಳಗಿರುವವರಿಗೆ ತಾಗುವುದು. ಆದುದರಿಂದ ಬಿಳಿಯ ತಗಡು, ಅದರಡಿಯಲ್ಲಿ ಶಾಖವನ್ನು ತಡೆಯುವ ಪದರ. ಬಿಸಿಗಾಳಿ ಮೇಲೇರುವುದರಿಂದ ನೆತ್ತಿಯಲ್ಲಿ ಅದಕ್ಕೆ ದಾರಿ. ಮಳೆ ಒಳಬೀಳದಂತೆ ಆ ಸಂದಿಗೊಂದು ಮುಚ್ಚಿಗೆ. ಉದ್ದವು ಪೂರ್ವಪಶ್ಚಿಮವಾಗಿದ್ದರೆ ಬೆಳಗು ಬೈಗಿನ ಓರೆಬಿಸಿಲಿಗೆ ಸಿಕ್ಕುವುದು ಹೆಚ್ಚಾಗಿ ಕಿರಿಯ ಬದಿಗಳು ಮಾತ್ರ. ಕುದುರೆಯು ಮುಖ್ಯವಾಗಿ ಬೆವರಿನಿಂದ ಮೈ ತಣಿಸಿಕೊಳ್ಳುವ ಪ್ರಾಣಿ. ಗಾಳಿಯಾಡಿದಷ್ಟೂ ಅದಕ್ಕೆ ಸುಖ. ತೆರೆದ ಮಾಡನ್ನು ಬಿರುಗಾಳಿ ಎತ್ತಿಹಾಕದಂತೆ ಕಂಬಗಳ ಬುಡವನ್ನು ಮಾತ್ರ ಕಾಂಕ್ರೀಟಿನಲ್ಲಿ ಭದ್ರಪಡಿಸಬೇಕು. 1200 ಚದರ ಮೀಟರಿನ ಮಾಡಿನ ಮೇಲೆ 500 ಮಿಲಿಮೀಟರು ಮಳೆ ಬಿದ್ದರೆ ಆರು ಲಕ್ಷ ಲೀಟರು ನೀರು. ಅದನ್ನು ತೊಟ್ಟಿಗೆ ಹಿಡಿದರೆ ಧೂಳೇಳದಂತೆ ನೆಲದ ಮರಳನ್ನು ನೆನೆಸುವುದಕ್ಕೆ ಒದಗುವುದು.

“ಎತ್ತರವನ್ನಾದರೂ ತಗ್ಗಿಸಬಹುದಲ್ಲ?” ಎಂದೆವು.

“ಐದು ಮೀಟರಿಗಿಂತ ಕೆಳಗಿಳಿಸಲಾರೆ. ಸವಾರನನ್ನು ಹೊತ್ತು ಕುದುರೆ ಹಾರಬೇಕು” ಎಂದವನು ಅರೆಗಳಿಗೆ ಸುಮ್ಮನಿದ್ದು, “ಮಾಸ್ತರೇ, ನಮ್ಮ ಏಳನೆಯ ತರಗತಿಯ ತಗಡಿನ ಕೋಣೆ ನಿಮಗೆ ನೆನಪುಂಟೇ?” ಎಂದು ಕೇಳಿದನು.

ನೆನಪಿಲ್ಲದೆ ಏನು! ಶಾಲೆಗೆ ಕೋಣೆಯೊಂದು ಸಾಲದೆ ಬಂದಾಗ ಹಣ ಕಡಿಮೆಯಿತ್ತು. ಮಾಡನ್ನು ತಗ್ಗಿಸಿ ಖರ್ಚುಳಿಸಲು ಒಪ್ಪಿದವರೊಳಗೆ ನಾವೂ ಇದ್ದೆವು. ಮಳೆಗಾಲದಲ್ಲಿ ಒಂದು ಹನಿಯೂ ಸೋರಲಿಲ್ಲವೆಂದು ಹೆಮ್ಮೆಪಟ್ಟೆವು. ಏಪ್ರಿಲಿನ ಪರೀಕ್ಷೆಯ ದಿನ ಈತನ ಪಕ್ಕದ ಹುಡುಗನು ತಲೆ ತಿರುಗಿ ಬೆಂಚಿನ ಮೇಲೆ ಒರಗಿದನು. ಉಣ್ಣದೆ ಬಂದಿರಬೇಕೆಂದು ಅವನನ್ನೇ ಗದರಿದೆವು. ನಮ್ಮ ಕುರ್ಚಿಯು ಬಾಗಿಲ ಗಾಳಿಯಲ್ಲಿತ್ತು. ಮಕ್ಕಳು ಒಂದು ಮಾತನ್ನೂ ಆಡಲಿಲ್ಲ. ಕುದುರೆಯೂ ಆಡದು.

ನಾವು ಮಾತಿಲ್ಲದೆ ನಕ್ಷೆಯ ಮೂಲೆಯಲ್ಲಿ ‘ವೈಹಾಳಿ’ ಎಂದು ಬರೆದು ಕೊಟ್ಟೆವು. ಎತ್ತರದ ಮಾತನ್ನು ಮತ್ತೆ ಎತ್ತಲಿಲ್ಲ. ಆ ಕೋಣೆ ಈಗಲೂ ಹಾಗೆಯೇ ಇರುವುದು. ಅದರ ನೆತ್ತಿ ತೆರೆಸಿ ತಗಡಿನಡಿಗೆ ಪದರ ಹಾಕಿಸಲು ಎಷ್ಟಾಗುವುದೆಂದು ಆತನಿಂದಲೇ ಲೆಕ್ಕ ಬರೆಯಿಸಿಕೊಂಡಿದ್ದೇವೆ. ಮುಂದಿನ ಚೈತ್ರಕ್ಕೆ ಮೊದಲು ನಮ್ಮ ಪಿಂಚಣಿಯಿಂದ ಆ ಕೆಲಸವಾಗಬೇಕು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ: ಹಟ್ಟಿಗಾಗಲಿ, ಶಾಲೆಗಾಗಲಿ, ಲಾಯಕ್ಕಾಗಲಿ ತಗಡು ಹೊದೆಸುವ ಮೊದಲು ಅಂಥ ಮಾಡಿನಡಿಯಲ್ಲಿ ನಡುಮಧ್ಯಾಹ್ನ ಒಂದು ಗಳಿಗೆ ನೀವೇ ಕುಳಿತು ನೋಡಿರಿ, ಬಾಗಿಲ ಬಳಿಯಲ್ಲಲ್ಲ, ನಟ್ಟನಡುವೆ.