ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಈ ಎರಡು ಮಾತು ತಿಳಿದಿರಲಿ

ಫ್ರಿಜ್ ಕೊಳ್ಳುವಾಗ ಎಷ್ಟು ಲೀಟರ್ ಎಂದು ಕೇಳುತ್ತೇವೆ. ಮಿಕ್ಸಿ ಕೊಳ್ಳುವಾಗ ಎಷ್ಟು ಜಾರ್ ಎಂದು ಕೇಳುತ್ತೇವೆ. ಜೋಳವನ್ನಂತೂ ಅಂಗೈಯಲ್ಲಿ ಹಾಕಿಕೊಂಡು ನೋಡದೆ ಕೊಳ್ಳುವವರಲ್ಲ ನಾವು. ಆದರೆ ಕಂಪ್ಯೂಟರ್ ಕೊಳ್ಳುವ ಮಾತು ಬಂದರೆ ಮಾತ್ರ, ‘ಅದೆಲ್ಲ ನಮಗೇನು ತಿಳಿಯುತ್ತದೆ’ ಎಂದು ಹಿಂದೆ ಸರಿದು ನಿಲ್ಲುತ್ತೇವೆ. ಪ್ರಿಯ ಸಹೋದರಿಯರೇ, ಹಣ ನಮ್ಮದು, ಓದುವ ಮಕ್ಕಳೂ ನಮ್ಮವರು. ಹೀಗಿರುವಾಗ ತಿಳಿದುಕೊಳ್ಳಲು ಸಂಕೋಚವೇಕೆ?

ನಾನು ಚಿಟಗುಪ್ಪದಲ್ಲಿ ಮನೆಯಲ್ಲೇ ಹೊಲಿಗೆ ಮಾಡುವವಳು. ಮಗಳು ಹುಮನಾಬಾದಿಗೆ ಬಸ್ಸಿನಲ್ಲಿ ಹೋಗಿ ಬಿ.ಕಾಂ. ಓದುತ್ತಿದ್ದಾಳೆ. ಲೆಕ್ಕಪತ್ರದ ಟ್ಯಾಲಿ ಕಲಿಯಲು ಮನೆಯಲ್ಲೊಂದು ಲ್ಯಾಪ್‌ಟಾಪ್ ಬೇಕೆಂದಳು. ‘ಮೊಬೈಲ್ ಇದೆಯಲ್ಲ, ಸಾಲದೇ?’ ಎಂದು ಅವಳ ಅಬ್ಬಾ ಕೇಳಿದರು. ಬೇಡವೆನ್ನಲಿಲ್ಲ, ಆದರೆ ಮನಸ್ಸೂ ಇರಲಿಲ್ಲ. ಶಾಲೆಯ ಸಮವಸ್ತ್ರ ಹೊಲಿದು ಎರಡು ವರ್ಷ ಕೂಡಿಟ್ಟ ಇಪ್ಪತ್ತು ಸಾವಿರ ರೂಪಾಯಿ ನನ್ನ ಬಳಿಯಿತ್ತು. ಬಡ್ಡಿಯ ಕಂತಿಗೆ ಹೋಗುವುದು ಬೇಡವೆಂದು ಬಳಸಿದ ಲ್ಯಾಪ್‌ಟಾಪನ್ನೇ ನೋಡಲು ನಿರ್ಧರಿಸಿದೆವು. ಆ ಯಂತ್ರ ಆರು ತಿಂಗಳಲ್ಲಿ ಮೂಲೆ ಸೇರಿದರೆ ಹಣವಷ್ಟೇ ಹೋಗುವುದಿಲ್ಲ. ‘ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ’ ಎಂಬ ಮಾತು ಮನೆಯಲ್ಲಿ ಗಟ್ಟಿಯಾಗುತ್ತದೆ, ಕಿರಿಯ ಮಗಳ ಸರದಿಗೂ ಅಡ್ಡಬರುತ್ತದೆ ಎಂಬುದೇ ನನ್ನ ಚಿಂತೆಯಾಗಿತ್ತು.

ಅಂಗಡಿಯವನು ಎರಡು ಲ್ಯಾಪ್‌ಟಾಪ್ ಮುಂದಿಟ್ಟ. ಒಂದರಲ್ಲಿ ಇಂಟೆಲ್ ಕೋರ್ ಐ5 7200ಯು, ಇನ್ನೊಂದರಲ್ಲಿ ಐ5 8250ಯು. ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ‘ಆಪಾ, ಇದು 2.5 ಗಿಗಾಹರ್ಟ್ಸ್, ಅದು ಬರೀ 1.6. ಇದನ್ನೇ ತೆಗೆದುಕೊಳ್ಳಿ’ ಎಂದ. ಮಗಳು ಎರಡರ ವಿವರವನ್ನೂ ಬರೆದುಕೊಂಡಳು. ‘ಯೋಚಿಸಿ ಬರುತ್ತೇವೆ’ ಎಂದು ಹೇಳಿ ಬಂದೆವು. ಆ ವಾರವಿಡೀ ತಾಯಿ ಮಗಳು ಕುಳಿತು ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಕೆಲಸಗಾರ. ಅದರೊಳಗೆ ಗಡಿಯಾರದಂತೆ ಒಂದು ಮಿಡಿತವಿದೆ. ಪ್ರತಿ ಮಿಡಿತಕ್ಕೂ ಕೆಲಸ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ. ಇದೇ ಕ್ಲಾಕ್ ಸ್ಪೀಡ್. ಹೊಲಿಗೆ ಯಂತ್ರದ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎನ್ನುವ ಲೆಕ್ಕದಂತೆ. ಆದರೆ ಸುತ್ತು ಒಂದೇ ಇದ್ದರೂ ಉದ್ದ ಹೊಲಿಗೆ ಹಾಕುವ ಯಂತ್ರದಲ್ಲಿ ಬಟ್ಟೆ ಬೇಗ ಮುಂದೆ ಸಾಗುತ್ತದಲ್ಲವೇ? ಹಾಗೆಯೇ ಹೊಸ ಪ್ರೊಸೆಸರ್‌ಗಳು ಒಂದೇ ಮಿಡಿತದಲ್ಲಿ ಹಳೆಯವುಗಳಿಗಿಂತ ಹೆಚ್ಚು ಕೆಲಸ ಮುಗಿಸುತ್ತವೆ. ಆದ್ದರಿಂದ ಬೇರೆ ಬೇರೆ ಕಾಲದ ಪ್ರೊಸೆಸರ್‌ಗಳನ್ನು ಗಿಗಾಹರ್ಟ್ಸ್ ಒಂದರಿಂದಲೇ ಅಳೆಯಲಾಗದು.

ಹಿಂದೆ ಕಂಪನಿಗಳೇ ಈ ಸಂಖ್ಯೆಯ ಬೆನ್ನು ಹತ್ತಿದ್ದವು. 1971ರಲ್ಲಿ ಬಂದ ಇಂಟೆಲ್ 4004 ಚಿಪ್ ಸೆಕೆಂಡಿಗೆ ಹತ್ತು ಲಕ್ಷ ಮಿಡಿತವನ್ನೂ ಮುಟ್ಟಿರಲಿಲ್ಲ. 2004ರ ಹೊತ್ತಿಗೆ ಪೆಂಟಿಯಂ 4 ಚಿಪ್ 3.8 ಗಿಗಾಹರ್ಟ್ಸ್ ತಲುಪಿತು. ಆದರೆ ವೇಗ ಹೆಚ್ಚಿದಷ್ಟೂ ಚಿಪ್ ಕಾದು ಬಿಸಿಯಾಗತೊಡಗಿತು. ಅದೇ ವರ್ಷ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ 4 ತರುವ ಯೋಜನೆಯನ್ನೇ ಕೈಬಿಟ್ಟಿತು. ಒಬ್ಬನನ್ನೇ ಓಡಿಸುವ ಬದಲು ಇಬ್ಬರನ್ನು ಕೂರಿಸೋಣವೆಂದು 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಎರಡು ಕೋರ್‌ಗಳ ಪ್ರೊಸೆಸರ್‌ಗಳನ್ನು ಮನೆಬಳಕೆಯ ಕಂಪ್ಯೂಟರಿಗೆ ತಂದವು. 2008ರಲ್ಲಿ ಇಂಟೆಲ್ ಹೊರತಂದ ಆರು ಕೋರ್‌ಗಳ ಸರ್ವರ್ ಪ್ರೊಸೆಸರ್ ‘ಜಿಯಾನ್ 7400’ ವಿನ್ಯಾಸಗೊಂಡದ್ದು ನಮ್ಮ ಬೆಂಗಳೂರಿನಲ್ಲೇ!

ಕೋರ್ ಎಂದರೆ ಒಬ್ಬ ಕೆಲಸಗಾರನೆಂದು ತಿಳಿಯಿರಿ. ನಾಲ್ಕು ಕೋರ್ ಎಂದರೆ ನಾಲ್ಕು ಯಂತ್ರದ ಮೇಲೆ ನಾಲ್ವರು. ಇನ್ನೂರು ಸಮವಸ್ತ್ರ ಹೊಲಿಯಬೇಕಾದರೆ ನಾಲ್ವರಿದ್ದರೆ ಎಷ್ಟು ಅನುಕೂಲ! ಆದರೆ ಒಂದೇ ಕುರ್ತಾವನ್ನು ನಾಲ್ವರು ಸೇರಿ ಹೊಲಿದರೆ ಅದು ನಾಲ್ಕು ಪಟ್ಟು ಬೇಗ ಮುಗಿಯುವುದಿಲ್ಲ. ತೋಳು ಜೋಡಿಸುವವಳು ಮೈ ಹೊಲಿಯುವವಳಿಗಾಗಿ ಕಾಯಲೇಬೇಕು. ಕಂಪ್ಯೂಟರಿನಲ್ಲೂ ಹೀಗೆಯೇ. ವಿಡಿಯೊ ಜೋಡಿಸುವಂತಹ ಕೆಲಸವನ್ನು ಹಂಚಿಕೊಳ್ಳಬಹುದು. ಅಲ್ಲಿ ಹೆಚ್ಚು ಕೋರ್‌ಗಳಿಂದ ಲಾಭ. ಪತ್ರ ಬರೆಯುವುದು, ಲೆಕ್ಕ ಹಾಕುವುದು ಮುಂತಾದವುಗಳಿಗೆ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರ್‌ನ ಚುರುಕು ಮುಖ್ಯ. ಆನ್‌ಲೈನ್ ಪಾಠ, ಟ್ಯಾಲಿ, ಬ್ರೌಸರ್ ಎಲ್ಲವನ್ನೂ ಒಟ್ಟಿಗೆ ತೆರೆಯುವ ವಿದ್ಯಾರ್ಥಿಗೆ ನಾಲ್ಕು ಕೋರ್ ಧಾರಾಳ.

ಈಗ ಅಂಗಡಿಯ ಆ ಎರಡಕ್ಕೆ ಬರೋಣ. 7200ಯು 2016ರದ್ದು, ಎರಡು ಕೋರ್. 8250ಯು 2017ರದ್ದು, ನಾಲ್ಕು ಕೋರ್. 1.6 ಗಿಗಾಹರ್ಟ್ಸ್ ಎಂಬುದು ಅದರ ಮೂಲ ವೇಗ ಮಾತ್ರ. ಅಗತ್ಯ ಬಿದ್ದಾಗ, ಬಿಸಿ ತಡೆದುಕೊಳ್ಳುವವರೆಗೆ, 3.4ರವರೆಗೂ ಏರುತ್ತದೆ. ಇದನ್ನು ಟರ್ಬೊ ಎನ್ನುತ್ತಾರೆ. 7200ಯು ಏರುವುದು 3.1ರವರೆಗೆ. ಇನ್ನೂ ಒಂದು ಮಾತು: ನಾಲ್ಕಂಕಿಯ ಈ ಹೆಸರುಗಳಲ್ಲಿ ಮೊದಲ ಅಂಕಿ ಪೀಳಿಗೆಯನ್ನು ಹೇಳುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಎಂಟನೇ ಪೀಳಿಗೆಯ 8250ಯು ಇದೆ, ಏಳನೆಯದರ 7200ಯು ಇಲ್ಲ. ಅಂಗಡಿಯವನು ‘ಬರೀ 1.6’ ಎಂದದ್ದನ್ನೇ ನಾವು ಕೊಂಡೆವು. ಮಗಳೇ ಕಾರಣವನ್ನು ಅಬ್ಬಾಗೆ ವಿವರಿಸಿದಳು. ಅವರು ಕೊನೆಯವರೆಗೂ ಕೇಳಿಸಿಕೊಂಡು, ‘ಹಾಗಾದರೆ ಅದನ್ನೇ ತನ್ನಿ’ ಎಂದರು.

ನನ್ನ ತಂಗಿಯ ಮಗ ಕೇಳಿದ: ‘ಖಾಲಾ, ನನ್ನ ಮೊಬೈಲಿನಲ್ಲಿ ಎಂಟು ಕೋರ್ ಇದೆ, ನಿಮ್ಮದರಲ್ಲಿ ನಾಲ್ಕೇ?’ ಮೊಬೈಲಿನ ಕೋರ್‌ಗಳಲ್ಲಿ ಹಲವು ಬ್ಯಾಟರಿ ಉಳಿಸಲೆಂದೇ ಮಾಡಿದ ಚಿಕ್ಕ ಕೋರ್‌ಗಳು. ಗುಂಡಿ ಹಚ್ಚುವ ಎಂಟು ಹುಡುಗಿಯರು, ನುರಿತ ನಾಲ್ವರು ದರ್ಜಿಗಳು ಒಂದೇ ಅಲ್ಲವಲ್ಲ! ಬರೀ ತಲೆ ಎಣಿಸಿದರೆ ಸಾಲದು.

ಪ್ರೊಸೆಸರ್ ಎಷ್ಟೇ ಚೆನ್ನಾಗಿದ್ದರೂ ರ‍್ಯಾಮ್ ಕಡಿಮೆಯಿದ್ದರೆ ಕಂಪ್ಯೂಟರ್ ತಡವರಿಸುತ್ತದೆ. ರ‍್ಯಾಮ್ ಎಂದರೆ ಬಟ್ಟೆ ಹರಡುವ ಮೇಜು. 8 ಜಿಬಿ ಇರಲಿ. ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್ಎಸ್‌ಡಿ ಇದ್ದರೆ ಯಂತ್ರ ಬೇಗ ತೆರೆಯುತ್ತದೆ.

ಅಂಗಡಿಯವರ ಮಾತನ್ನು ನೀವೇ ಪರೀಕ್ಷಿಸಬಹುದು. ಲ್ಯಾಪ್‌ಟಾಪ್ ಚಾಲೂ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿ ಪ್ರೊಸೆಸರ್‌ನ ಹೆಸರು, ಕೋರ್‌ಗಳ ಸಂಖ್ಯೆ, ಮೂಲ ವೇಗ, ರ‍್ಯಾಮ್ ಎಲ್ಲವೂ ಕಾಣುತ್ತವೆ. ಕೋರ್ ಬೇರೆ, ‘ಲಾಜಿಕಲ್ ಪ್ರೊಸೆಸರ್’ ಬೇರೆ. ಎರಡನೆಯ ಸಂಖ್ಯೆ ತೋರಿಸಿ ‘ಎಂಟು ಕೋರ್’ ಎಂದರೆ ನಂಬಬೇಡಿ.

ಬೀದರಿನಲ್ಲಿ 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನೋಡಿದ್ದೀರಲ್ಲ? ವಿದ್ಯೆಗೆ ಅಷ್ಟು ದೊಡ್ಡ ಕಟ್ಟಡ ಎದ್ದ ಜಿಲ್ಲೆ ನಮ್ಮದು. ಇಂದು ನಮ್ಮ ಹೆಣ್ಣುಮಕ್ಕಳ ಓದಿನ ದಾರಿ ಒಂದು ಪುಟ್ಟ ಪರದೆಯ ಮೂಲಕವೂ ಹೋಗುತ್ತದೆ. ಅದನ್ನು ಕೊಳ್ಳುವ ದಿನ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಪ್ರಶ್ನೆ ಕೇಳಲು ಅವಳಿಗೇ ಬಿಡಿ.