ಹಗ್ಗಕ್ಕೂ ಕಣ್ಣಿದೆ

ಒಲೆಗೆ ಇನ್ನೆರಡು ಗೆರಟೆ ಹಾಕಿ ಈಚೆ ಬನ್ನಿ. ಚೀಫ್ ದೋಣಿಯ ಕಥೆ ಹೇಳುತ್ತೇನೆ ಎಂದು ಎಷ್ಟೋ ಸಲ ಮಾತು ಕೊಟ್ಟು ತಪ್ಪಿಸಿಕೊಂಡಿದ್ದೇನೆ. ಈ ಗಾಳಿಮಳೆಗೆ ಕರೆಂಟು ಬರುವುದು ಹೇಗೂ ನಾಳೆಯೇ.

ಚೀಫ್ ಅಂದರೆ ಚೀಫ್ ಎಂಜಿನಿಯರ್. ಆಯುಷ್ಯದ ಬಹುಪಾಲನ್ನು ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಕಳೆದು ಊರಿಗೆ ಬಂದ ಮನುಷ್ಯ. ಬಂದವರೇ, ನನಗೆ ಎಂಜಿನ್ನೇ ಇಲ್ಲದ ದೋಣಿ ಬೇಕು ಅಂದರು. ಹಂಗಾರಕಟ್ಟೆಯಲ್ಲಿ, ಸೀತಾ ಮತ್ತು ಸುವರ್ಣಾ ಹೊಳೆಗಳು ಕೂಡಿ ಕಡಲಿಗೆ ಇಳಿಯುವ ಕಡೆ, ತೆಂಗಿನ ತೋಟದ ಅಂಚಿಗೆ ಒಂದು ಶೆಡ್ಡು ಹಾಕಿಸಿದರು. ಹೆಬ್ಬಲಸಿನ ಹಲಗೆ, ಇಪ್ಪತ್ತೆರಡು ಅಡಿ ಉದ್ದ, ಒಂದೇ ಕೂವೆ, ಎರಡು ಹಾಯಿ. ಊರವರು ನಗಾಡಿದರು. "ಡೀಸೆಲಿಗೆ ದುಡ್ಡಿಲ್ವಾ ಇವ್ರಿಗೆ?" ಎಂದು ಹೊಳೆ ದಾಟುವ ಬಾರ್ಜಿನಲ್ಲಿ ಕೂತವರು ಕೇಳುವುದು, ಚೀಫ್ ಇತ್ತ ಕಡೆಯಿಂದ ಕೈ ಬೀಸುವುದು ದಿನಾ ಇತ್ತು.

ನಾನು ಆಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸದ ಕಾಗದ ಕಾಯುತ್ತಿದ್ದೆ. ಏಳೆಂಟು ವರ್ಷದ ಹಿಂದಿನ ಮಾತು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ ಎನ್ನುವುದು ನಿಮಗೆ ಗೊತ್ತು. ಕಡಲಿಗೆ ರಜೆ ಅಂದರೆ ಆಚಾರಿಗಳಿಗೆ ದುಪ್ಪಟ್ಟು ಕೆಲಸ. ವರ್ಷದ ರಿಪೇರಿಯೆಲ್ಲ ಆ ಎರಡು ತಿಂಗಳಲ್ಲೇ ಆಗಬೇಕು. ಚೀಫ್ ದೋಣಿಯ ಆಚಾರಿಯೂ "ಸ್ವಲ್ಪ ಆ ಕಡೆ ನೋಡಿ ಬರ್ತೆ" ಎಂದು ಹೋದವರು ಬರಲಿಲ್ಲ. ಮರದ ಕೆಲಸ ನಿಂತಿತು. ಹಾಗಾದರೆ ಲೋಹದ ಕೆಲಸ ಮುಗಿಸೋಣ ಎಂದು ಚೀಫ್ ನನ್ನನ್ನು ಕರೆಸಿಕೊಂಡರು.

ಬೇಕಾಗಿದ್ದದ್ದು ಏನು? ಹಗ್ಗ ಸುತ್ತುವ ಕೊಂಬಿನ ಕ್ಲೀಟು ನಾಲ್ಕು. ದೋಣಿಯ ಮೂತಿಯಲ್ಲಿ ಲಂಗರಿನ ಹಗ್ಗ ಹಾಯುವ ಫೇರ್‌ಲೀಡ್ ಎರಡು. ಕೂವೆಯ ತಲೆಗೆ ಒಂದು ಟೊಪ್ಪಿ. ಬಂದರಿನ ಅಂಗಡಿಯಲ್ಲಿ ಸಿಗುವುದು ಟ್ರಾಲರಿನ ಗಾತ್ರದ ಕಬ್ಬಿಣ. ಹೊರದೇಶದ ಮಾಲು ಚಂದ ಇತ್ತು, ಆದರೆ ಅದರ ತಳ ಚಪ್ಪಟೆ. ನಮ್ಮ ಡೆಕ್ ಎರಡು ದಿಕ್ಕಿಗೂ ಬಾಗಿದ್ದು. ಅಳತೆಗೆ ತಕ್ಕ ಹಾಗೆ ಎರಕ ಹೊಯ್ಯಿಸುವುದೇ ದಾರಿ. ಅಲ್ಯುಮಿನಿಯಮ್ಮೇ ಏಕೆ ಎಂದರೆ ತೂಕ. ಹಿತ್ತಾಳೆಯ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಕೂವೆಯ ತುದಿಯಲ್ಲಿ ಏರಿಸಿದ ಒಂದು ಕಿಲೋ, ದೋಣಿ ವಾಲಿದಾಗ ಕೆಳಗಿನ ಹತ್ತಾರು ಕಿಲೋದ ಜತೆ ಜಗ್ಗಾಡುತ್ತದೆ. ಹಾಯಿ ದೋಣಿಯಲ್ಲಿ ಮೇಲೆ ಹೋದದ್ದೆಲ್ಲ ಸಾಲ.

ಮರದ ಅಚ್ಚು ನಾನೇ ಕೆತ್ತಿದೆ, ಲೋಹ ಆರುವಾಗ ಕುಗ್ಗುವುದಕ್ಕೆ ಮೀಟರಿಗೆ 13 ಮಿಲಿಮೀಟರ್ ಲೆಕ್ಕದಲ್ಲಿ ಹೆಚ್ಚಿಗೆ ಬಿಟ್ಟು. ಬೈಕಂಪಾಡಿಯ ಒಂದು ಫೌಂಡ್ರಿಗೆ ಒಯ್ದೆವು. ಅಲ್ಲಿ ಶುರುವಾಯಿತು ಜಗಳ. ಅವರು ಹಳೆ ಪಿಸ್ಟನ್ ಕರಗಿಸಿ ಹೊಯ್ದು ಕೊಡುತ್ತೇವೆ, ಅಗ್ಗ ಅಂದರು. ಪಿಸ್ಟನ್ನಿನಲ್ಲಿ ತಾಮ್ರ ಇರುತ್ತದೆ, ಅಲ್ಯುಮಿನಿಯಮ್ಮಿಗೆ ತಾಮ್ರ ಬೆರೆತು ಉಪ್ಪುನೀರು ತಾಗಿದರೆ ಮುಗಿಯಿತು ಎಂದು ಚೀಫ್ ತಲೆಯಾಡಿಸಿದರು. ಸರಿ, ಎಲ್‌ಎಂ 6 ಹೊಯ್ಯೋಣ ಅಂದರು ಫೌಂಡ್ರಿಯವರು. ಅದು ಒಳ್ಳೆಯ ಮಿಶ್ರಲೋಹವೇ. 10ರಿಂದ 13 ಶೇಕಡಾ ಸಿಲಿಕಾನ್, ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯುತ್ತದೆ, ಉಪ್ಪಿಗೂ ಬಗ್ಗುವುದಿಲ್ಲ. ಆದರೆ ಎಷ್ಟು ಉಜ್ಜಿದರೂ ಬೂದುಬಣ್ಣ ಬಿಡುವುದಿಲ್ಲ. ಚೀಫಿಗೆ ಬೇಕಾಗಿದ್ದದ್ದು ಎಲ್‌ಎಂ 5. ಅದರಲ್ಲಿ ಸಿಲಿಕಾನಿನ ಬದಲು ಮೆಗ್ನೀಸಿಯಂ, 3ರಿಂದ 6 ಶೇಕಡಾ. ಹೊಳಪಿಗೂ ಸೈ, ಕಡಲಿಗೂ ಸೈ. ತಕರಾರು ಒಂದೇ: ಹೊಯ್ಯುವವನ ಪ್ರಾಣ ತಿನ್ನುತ್ತದೆ. ಕರಗಿದ್ದು ಗಾಳಿ ಕಂಡರೆ ಕೆನೆ ಕಟ್ಟುತ್ತದೆ, ಒಳಗೆ ಅನಿಲ ಹಿಡಿದು ಗುಳ್ಳೆ ಉಳಿಯುತ್ತದೆ. ಫೌಂಡ್ರಿಯವರು ಕೊನೆಗೆ ಒಪ್ಪಿದರು, ಆದರೆ ಗುಳ್ಳೆ ಬಂದರೆ ನಮ್ಮನ್ನು ಕೇಳಬೇಡಿ ಎಂಬ ಷರತ್ತಿನ ಮೇಲೆ. (ಅಮ್ಮನ ಹಿಂಡಾಲಿಯಂ ಪಾತ್ರೆಯಲ್ಲೂ ಮೆಗ್ನೀಸಿಯಂ ಇದೆ. ಅದನ್ನು ಒಲೆಬೂದಿ ಹಾಕಿ ತಿಕ್ಕಬೇಡಿ, ಬೂದಿಯ ಕ್ಷಾರ ಅಲ್ಯುಮಿನಿಯಂ ತಿನ್ನುತ್ತದೆ ಎಂದು ನಾನು ಹೇಳಿದ್ದು ಆ ಮಳೆಗಾಲದಲ್ಲೇ. ಅಮ್ಮ ಕೇಳಲಿಲ್ಲ, ಅದು ಬೇರೆ.)

ಎರಕ ಬಂದಾಗ ಮೈಯೆಲ್ಲ ಮರಳಿನ ತರಿ, ಅಚ್ಚಿನ ಎರಡು ಭಾಗ ಕೂಡಿದಲ್ಲಿ ಏಣು. ಮೊದಲು ಅರ. ಅಲ್ಯುಮಿನಿಯಮ್ಮಿಗೆ ಅರ ಹಾಕುವುದು ಕಬ್ಬಿಣಕ್ಕೆ ಹಾಕಿದಂತಲ್ಲ. ಪುಡಿ ಹೋಗಿ ಅರದ ಹಲ್ಲಿನ ಸಂದಿಗೆ ಕಚ್ಚಿಕೊಳ್ಳುತ್ತದೆ, ಮುಂದಿನ ಎಳೆತಕ್ಕೆ ಅದೇ ಪುಡಿ ಮೈಮೇಲೆ ಆಳವಾದ ಗೀರು ಎಳೆಯುತ್ತದೆ. ಚೀಫ್ ಶಾಲೆಯಲ್ಲಿ ಬಳಸುವ ಸೀಮೆಸುಣ್ಣ ತಂದು ಅರದ ಹಲ್ಲಿಗೆಲ್ಲ ಬಳಿದರು. ಸಂದಿ ತುಂಬಿದ ಮೇಲೆ ಪುಡಿ ಕೂರಲು ಜಾಗ ಇಲ್ಲ. ಹಡಗಿನಲ್ಲಿ ಕಲಿತದ್ದಂತೆ.

ಆಮೇಲೆ ವಾಟರ್ ಪೇಪರ್. 120ರಿಂದ ಶುರು. 180, 240, 320, 400, 600, 800, 1000. ನಂಬರು ಏರಿದ ಹಾಗೆ ಹರಳು ಸಣ್ಣದು. ಹೊಳಪು ಬರುವುದು ಕೊನೆಯ ಕಾಗದದಿಂದ ಎಂದು ನೋಡುವವರಿಗೆ ಅನಿಸುತ್ತದೆ. ನಿಜವಾಗಿ ಅದು ತೀರ್ಮಾನವಾಗುವುದು 240ರ ಆಸುಪಾಸಿನಲ್ಲಿ, ಬೇಜಾರು ಬಂದು ಮುಂದಿನ ನಂಬರಿಗೆ ಹಾರೋಣ ಅನಿಸುವ ಹೊತ್ತಿಗೆ. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲು: ಒಮ್ಮೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಹಿಂದಿನ ನಂಬರಿನ ಗೆರೆ ಒಂದೇ ಒಂದು ಉಳಿದರೂ ಅಡ್ಡ ಗೆರೆಗಳ ನಡುವೆ ಎದ್ದು ಕಾಣುತ್ತದೆ, ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಸಾಬೂನು ನೀರು ಒಂದೊಂದು ನಂಬರಿಗೆ ಒಂದೊಂದು ಬಾಲ್ದಿ. ನಂಬರು ಬದಲಿಸುವ ಮುಂಚೆ ಕೈ, ಉಗುರಿನ ಸಂದಿ, ಮೇಜು ಎಲ್ಲ ತೊಳೆಯಬೇಕು. 240ರ ಒಂದು ಹರಳು 800ರ ಬಾಲ್ದಿಗೆ ಬಿದ್ದರೆ ಒಂದು ಮಧ್ಯಾಹ್ನ ಹೋಯಿತು ಎಂದೇ ಲೆಕ್ಕ.

ಬಾಗಿದ ಬೆನ್ನಿಗೆ ಹಳೆ ಹವಾಯಿ ಚಪ್ಪಲಿಯ ತುಂಡಿಗೆ ಕಾಗದ ಸುತ್ತಿ ಉಜ್ಜುವುದು. ಕೊಂಬು ಮತ್ತು ಬುಡ ಸೇರುವ ಕಂಕುಳಿಗೆ ಬಟ್ಟೆಯ ಬೆನ್ನಿರುವ ಎಮರಿಯ ಪಟ್ಟಿ ತೂರಿಸಿ, ಎರಡು ತುದಿ ಹಿಡಿದು ಎಳೆದಾಡುವುದು. ಲೋಹ ಬಿಳಿ, ಇಳಿಯುವ ಕೆಸರು ಕಡುಗಪ್ಪು. ತುಂಬಾ ಸಣ್ಣ ಪುಡಿಯಾದಾಗ ಅದು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ. ಊಟಕ್ಕೆ ಕೂತರೆ ಅನ್ನದಲ್ಲಿ ಕಪ್ಪು ಬೆರಳಚ್ಚು ಬೀಳಬಾರದೆಂದು ನಾನು ಚಮಚದಲ್ಲೇ ತಿನ್ನುತ್ತಿದ್ದೆ. ಗಂಜಿಗೆ ಅಡ್ಡಿಯಿಲ್ಲ, ಮೀನಿನ ಮುಳ್ಳು ಬಿಡಿಸಲು ಚಮಚ ಪ್ರಯೋಜನಕ್ಕಿಲ್ಲ.

ರಜೆಗೆ ಬಂದಿದ್ದ ಚೀಫ್ ಅಣ್ಣನ ಮಗ ಎರಡು ದಿನ ಇದನ್ನೆಲ್ಲ ನೋಡಿದ. ಮೂರನೇ ದಿನ ಹೇಳದೆ ಕೇಳದೆ ಒಂದು ಕ್ಲೀಟನ್ನು ಪೇಟೆಯ ಬಫಿಂಗ್ ಅಂಗಡಿಗೆ ಒಯ್ದು ಸಂಜೆಯೊಳಗೆ ತಂದ. ಫಳಫಳ ಹೊಳೆಯುತ್ತಿತ್ತು. ಚೀಫ್ ಬೈಯಲಿಲ್ಲ. ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನಿಧಾನ ಓರೆ ಮಾಡಿದರು. ಮೈಮೇಲೆ ಬಿದ್ದ ಟ್ಯೂಬ್‌ಲೈಟಿನ ಬಿಂಬ ನೇರ ಗೆರೆಯಾಗಿ ಜಾರಲಿಲ್ಲ, ಕೇರೆ ಹಾವು ಹರಿದ ಹಾಗೆ ಅಂಕುಡೊಂಕಾಯಿತು. ಬಟ್ಟೆಯ ಚಕ್ರಕ್ಕೆ ಮೆದುವಾದ ಕಡೆ ಹೆಚ್ಚು, ಗಟ್ಟಿಯಾದ ಕಡೆ ಕಡಿಮೆ ತಿನ್ನುವ ಬುದ್ಧಿ. ಬೋಲ್ಟಿನ ತೂತಿನ ಅಂಚು ಕರಗಿ ಬಟ್ಟಲಾಗಿತ್ತು. ಆದರೆ ಕಂಕುಳಿಗೆ ಚಕ್ರ ಮುಟ್ಟಿಯೇ ಇರಲಿಲ್ಲ. ಅಲ್ಲಿ ಇನ್ನೂ ಮರಳಿನ ತರಿ.

ಚೀಫ್ ಡಬ್ಬಿಯಿಂದ ಒಂದು ಚೂರು ಹತ್ತಿ ತೆಗೆದು ಆ ಕಂಕುಳಲ್ಲಿ ಎಳೆದರು. ಎಳೆಎಳೆ ಸಿಕ್ಕಿಕೊಂಡಿತು. ನಾನು ಮುಗಿಸಿದ್ದ ಕ್ಲೀಟಿನಲ್ಲಿ ಎಳೆದರು, ಹತ್ತಿ ಹಾಗೆಯೇ ಹೊರಗೆ ಬಂತು. "ಮೇಲಿನ ಹೊಳಪು ಫೋಟೋಕ್ಕೆ. ಹಗ್ಗ ಕೂರುವುದು ಇಲ್ಲಿ" ಅಂದರು. ಅಳಿವೆಯಲ್ಲಿ ಕಟ್ಟಿದ ದೋಣಿ ರಾತ್ರಿಯಿಡೀ ಸುಮ್ಮನಿರುವುದಿಲ್ಲ. ಉಬ್ಬರ ಇಳಿತಕ್ಕೆ ಏರಿಳಿದು, ಅಲೆ ಬಂದಾಗಲೆಲ್ಲ ಹಗ್ಗ ಒಂದೇ ಇಂಚಿನಲ್ಲಿ ಗರಗಸ ಆಡುತ್ತದೆ. ಅಲ್ಲಿ ತರಿ ಇದ್ದರೆ ಬೆಳಿಗ್ಗೆ ದೋಣಿ ಇನ್ನೆಲ್ಲೋ.

ಇದಾದ ಮೇಲೆ ಬಂದದ್ದು ಗುಳ್ಳೆ. ಮೂರನೆಯ ಕ್ಲೀಟು 600ರ ತನಕ ಬಂದಿತ್ತು. ಕಂಕುಳಿನ ಒಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಕೊಳೆ ಎಂದುಕೊಂಡು ಉಜ್ಜಿದೆ, ದೊಡ್ಡದಾಯಿತು. ಇನ್ನೂ ಉಜ್ಜಿದೆ, ಸಾಸಿವೆಯಷ್ಟಾಯಿತು. ಎರಕದ ಚರ್ಮದಡಿ ಅಡಗಿದ್ದ ಅನಿಲದ ಗುಳ್ಳೆ ಬಾಯಿ ಬಿಟ್ಟಿತ್ತು. ಅಣ್ಣನ ಮಗ ಬಗ್ಗಿ ನೋಡಿ, "ಅಲ್ಲಿ ಯಾರು ನೋಡ್ತಾರೆ ಚಿಕ್ಕಪ್ಪ?" ಅಂದ.

"ಹಗ್ಗ ನೋಡ್ತದೆ. ಉಪ್ಪೂ ನೋಡ್ತದೆ."

ಅಲ್ಯುಮಿನಿಯಮ್ಮಿಗೆ ಗಾಳಿ ತಾಗಿದೊಡನೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡಿನ ಪೊರೆ ಕಟ್ಟುತ್ತದೆ. ಅದೇ ಅದರ ಕೊಡೆ. ಗುಂಡಿಯಲ್ಲಿ ನಿಂತ ಉಪ್ಪುನೀರಿಗೆ ಆ ಪೊರೆ ಹರಿಯುವುದು ಸುಲಭ, ಹರಿದರೆ ಗುಂಡಿ ಒಳಗೊಳಗೇ ಇಳಿಯುತ್ತದೆ. ನಯ ಮಾಡುವುದು ಚಂದಕ್ಕೆ ಮಾತ್ರ ಅಲ್ಲ, ಉಪ್ಪು ಕೂರಲು ಜಗುಲಿ ಸಿಗಬಾರದು ಎಂದು ಕೂಡ. ಗುಳ್ಳೆಯ ಕ್ಲೀಟು, ಬಫಿಂಗಿನ ಕ್ಲೀಟು ಎರಡೂ ಬೈಕಂಪಾಡಿಗೆ ವಾಪಸ್ಸು ಹೋದವು. ಷರತ್ತಿನಂತೆ ಎರಡನೇ ಸಲದ ಕೂಲಿ ನಮ್ಮದೇ. ನಾನು ಮತ್ತೆ ಸೀಮೆಸುಣ್ಣ ಹಿಡಿದೆ.

ಇಷ್ಟು ಹಟದವರು ಎಲ್ಲವನ್ನೂ ಕನ್ನಡಿ ಮಾಡಿಸಿದರು ಎಂದುಕೊಳ್ಳಬೇಡಿ. ಕೂವೆಯ ಟೊಪ್ಪಿ ಕೈಗೆತ್ತಿಕೊಂಡಾಗ, "400ಕ್ಕೆ ನಿಲ್ಲಿಸು, ಅದನ್ನು ನೋಡುವುದು ಗಿಡುಗ ಮಾತ್ರ" ಅಂದರು. ಆದರೆ ಹಾಯಿ ಏರಿಸುವ ಹಗ್ಗ ಓಡುವ ಸಂದಿಯನ್ನು ಮಾತ್ರ 1000ದ ತನಕ ಉಜ್ಜಿಸಿ ಹತ್ತಿ ಎಳೆದು ನೋಡಿದರು. ಕ್ಲೀಟುಗಳ ತಳ ಮುಟ್ಟಬೇಡ, ಅಲ್ಲಿ ಸೀಲಂಟ್ ಹಿಡಿಯಲು ಸ್ವಲ್ಪ ಒರಟು ಬೇಕು ಅಂದರು. ಉಳಿದದ್ದಕ್ಕೆ ಪಾಲಿಶ್ ಪೇಸ್ಟು ಮತ್ತು ಅವರ ಹಳೆ ಬೈರಾಸು. ಬಟ್ಟೆ ಕಪ್ಪಾಗುವುದು ನಿಂತು, ಟ್ಯೂಬ್‌ಲೈಟು ಗೆರೆ ಮುರಿಯದೆ ಈ ತುದಿಯಿಂದ ಆ ತುದಿಗೆ ಜಾರಿದಾಗ ನನಗೆ ಆದ ಖುಷಿ ಡಿಪ್ಲೊಮಾ ಸರ್ಟಿಫಿಕೇಟು ಬಂದಾಗ ಆಗಿರಲಿಲ್ಲ.

ಜೋಡಿಸುವಾಗ ಚೀಫ್ ಯಾರಿಗೂ ಕೈ ಹಾಕಲು ಬಿಡಲಿಲ್ಲ. ಬೋಲ್ಟು 316 ಸ್ಟೇನ್‌ಲೆಸ್ ಸ್ಟೀಲು. ಸ್ಟೀಲು ಮತ್ತು ಅಲ್ಯುಮಿನಿಯಂ ಉಪ್ಪುನೀರಿನಲ್ಲಿ ಮುಟ್ಟಿಕೊಂಡರೆ ಬ್ಯಾಟರಿಯಾಗುತ್ತದೆ, ಸವೆಯುವುದು ಅಲ್ಯುಮಿನಿಯಂ. ಪ್ರತಿ ತೂತಿಗೆ ನೈಲಾನ್ ಬುಶ್, ಪ್ರತಿ ತಲೆಯಡಿ ನೈಲಾನ್ ವಾಷರ್, ತಳಕ್ಕೆ ರಬ್ಬರ್ ಶೀಟು. ಮೀಟರ್ ಹಿಡಿದು ಬೋಲ್ಟಿನಿಂದ ಕ್ಲೀಟಿಗೆ ಕರೆಂಟು ಹರಿಯುವುದಿಲ್ಲ ಎಂದು ಒಂದೊಂದನ್ನೂ ಪರೀಕ್ಷಿಸಿದರು.

ನೂಲ ಹುಣ್ಣಿಮೆ ಕಳೆದು, ಮೊಗವೀರರ ಸಮುದ್ರ ಪೂಜೆಯೂ ಆದ ಮೇಲೆ ದೋಣಿ ಇಳಿಯಿತು. ಬಾರ್ಜಿನವರು ಆವತ್ತು ತಮಾಷೆ ಮಾಡಲಿಲ್ಲ, ಹಗ್ಗ ಹಿಡಿದು ಎಳೆದುಕೊಟ್ಟರು. ಆ ಹೊಳಪು ಎಷ್ಟು ದಿನ ಇತ್ತು ಎಂದು ಕೇಳುತ್ತೀರಿ, ಗೊತ್ತು. ಮುಂದಿನ ಮಳೆಗಾಲದೊಳಗೆ ಮೇಲ್ಮೈ ಮಂಜು ಹಿಡಿದಿತ್ತು. ಕಡಲಗಾಳಿಗೆ ಅಷ್ಟೇ. ಚೀಫ್ ಮತ್ತೆ ಉಜ್ಜಿಸಲಿಲ್ಲ. ಕಂಕುಳನ್ನು ಹಗ್ಗವೇ ಉಜ್ಜಿಕೊಳ್ಳುತ್ತಿತ್ತು.

ಮಂಡಿನೋವು ಹೆಚ್ಚಾಗಿ ಅವರು ದೋಣಿ ಮಾರಿ ಮಗಳ ಮನೆಗೆ ಹೋದರು. ಹೋದ ವರ್ಷ ನಾನು ಆ ಕಡೆ ಹೋದಾಗ ನೋಡುತ್ತೇನೆ, ಹೊಸ ಯಜಮಾನರು ಕ್ಲೀಟಿಗೆಲ್ಲ ನೀಲಿ ಎನಾಮೆಲ್ ಬಳಿದಿದ್ದಾರೆ. ಹೊಟ್ಟೆ ಉರಿದು ಅಲ್ಲಿಂದಲೇ ಚೀಫಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ತಳದ ರಬ್ಬರ್ ಶೀಟು ತೆಗೆದಿದ್ದಾರಾ?" ಅಂದರು.

ಬಗ್ಗಿ ನೋಡಿದೆ. "ಇಲ್ಲ, ಇದೆ."

"ಹಾಗಾದ್ರೆ ಬಳಿಯಲಿ ಬಿಡು ಮಾರಾಯ" ಎಂದು ಮಳೆ ಹೇಗಿದೆ ಎಂದು ವಿಚಾರಿಸತೊಡಗಿದರು.